ಕೊಂಡವರಿಗೇ ಬೀಗ: ಸಂಗೀತದ ಸಿಡಿಗಳಲ್ಲಿ ನಕಲು ತಡೆ ಹೇಗೆ ಕೆಲಸ ಮಾಡುತ್ತಿತ್ತು

2005ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ 'ಎಕ್ಸ್ ಆ್ಯಂಡ್ ವೈ' ಆಲ್ಬಮ್ ಬಿಡುಗಡೆಯಾಯಿತು. ಕೆಲವು ದೇಶಗಳಲ್ಲಿ ಅದರ ಸಿಡಿ ಕೊಂಡು ಮನೆಗೆ ತಂದು, ಮೇಲಿನ ಪ್ಲಾಸ್ಟಿಕ್ ಹರಿದು ಡಬ್ಬಿ ತೆರೆದವರಿಗೆ ಒಳಗೆ ಒಂದು ಚೀಟಿ ಸಿಕ್ಕಿತು. ಈ ಸಿಡಿಯನ್ನು ಇನ್ನೊಂದು ಸಿಡಿಗಾಗಲಿ ಹಾರ್ಡ್ ಡಿಸ್ಕಿಗಾಗಲಿ ಇಳಿಸಲು ಬರುವುದಿಲ್ಲ, ಎಂಪಿ3 ಮಾಡಲು ಬರುವುದಿಲ್ಲ. ಕೆಲವು ಡಿವಿಡಿ ಪ್ಲೇಯರ್, ಕಾರ್ ಸ್ಟೀರಿಯೊ, ಕಂಪ್ಯೂಟರ್‌ಗಳಲ್ಲಿ ಇದು ಹಾಡದೆಯೂ ಇರಬಹುದು. ತಯಾರಿಕೆಯಲ್ಲಿ ದೋಷವಿದ್ದರೆ ಬಿಟ್ಟು ಬೇರಾವ ಕಾರಣಕ್ಕೂ ಮಾಲು ವಾಪಸ್ ಪಡೆಯುವುದಿಲ್ಲ, ಹಣ ಹಿಂದಿರುಗಿಸುವುದಿಲ್ಲ. ಇವು ಆ ಚೀಟಿಯ ಸಾರಾಂಶ. ಷರತ್ತು ಓದಬೇಕಾದರೆ ಡಬ್ಬಿ ತೆರೆದಿರಬೇಕು, ಡಬ್ಬಿ ತೆರೆಯಬೇಕಾದರೆ ಹಣ ಕೊಟ್ಟಾಗಿರಬೇಕು.

ಅದೇ ಹಾಡುಗಳನ್ನು ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡವರಿಗೆ ಚೀಟಿಯೂ ಇರಲಿಲ್ಲ, ತೊಡಕೂ ಇರಲಿಲ್ಲ. 2001ರಿಂದ ಐದಾರು ವರ್ಷ ಜಗತ್ತಿನ ದೊಡ್ಡ ಸಂಗೀತ ಕಂಪನಿಗಳು ಸಿಡಿಗೆ ನಕಲು ತಡೆ ಹಾಕಲು ಒಂದರ ಮೇಲೊಂದು ತಂತ್ರ ಹೂಡಿದವು. ಕಳ್ಳಪ್ರತಿಗಳ ಹಾವಳಿ ಅದರಿಂದ ನಿಲ್ಲಲಿಲ್ಲ. ತೊಂದರೆಗೆ ಸಿಕ್ಕಿದವರು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕೊಂಡವರು. ಹೀಗೇಕಾಯಿತು ಎಂಬುದು ಸಿಡಿಯ ರಚನೆ ಗೊತ್ತಿದ್ದರೆ ಸುಲಭವಾಗಿ ತಿಳಿಯುತ್ತದೆ. ಅದನ್ನು ರೂಪಿಸಿದ ಕಾಲದಲ್ಲೇ ಅದರಲ್ಲಿ ಬೀಗಕ್ಕೆಂದು ಜಾಗ ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷದ ನಂತರ ಬೀಗ ಹಾಕಲು ಹೊರಟರೆ ಉಳಿದ ದಾರಿ ಎರಡೇ: ಸಿಡಿಯನ್ನೇ ಅಷ್ಟಿಷ್ಟು ಕೆಡಿಸಿ ಮಾರುವುದು, ಇಲ್ಲವೇ ಕೊಂಡವರ ಕಂಪ್ಯೂಟರಿನೊಳಕ್ಕೆ ನುಗ್ಗುವುದು. ಎರಡೂ ನಡೆದವು.

ರೆಡ್ ಬುಕ್ಕಿನಲ್ಲಿ ಇಲ್ಲದ್ದು

ಸಂಗೀತದ ಸಿಡಿ ಹೇಗಿರಬೇಕು ಎಂಬ ನಿಯಮಗಳನ್ನು ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಬರೆದವು. ಆ ನಿಯಮಾವಳಿಗೆ 'ರೆಡ್ ಬುಕ್' ಎಂದು ಹೆಸರು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಇದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಎಡಕ್ಕೊಂದು ಬಲಕ್ಕೊಂದರಂತೆ 16 ಬಿಟ್‌ನ ಸಂಖ್ಯೆಗಳಾಗಿ ಬರೆದಿಡಲಾಗುತ್ತದೆ. ಲೆಕ್ಕ ಹಾಕಿದರೆ ಒಂದು ನಿಮಿಷದ ಸಂಗೀತಕ್ಕೆ 10 ಮೆಗಾಬೈಟಿಗಿಂತ ತುಸು ಹೆಚ್ಚು. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಕಂಪ್ಯೂಟರಿನ ಇಡೀ ಹಾರ್ಡ್ ಡಿಸ್ಕ್ 10 ಮೆಗಾಬೈಟಿನದು. ಒಂದು ಹಾಡಿನ ಪಲ್ಲವಿ ಮುಗಿಯುವಷ್ಟರಲ್ಲಿ ಅದು ತುಂಬಿಹೋಗುತ್ತಿತ್ತು. ಮನೆಯಲ್ಲಿ ಕೂತವರು ಸಿಡಿಯನ್ನು ಅಂಕಿ ಅಂಕಿಯೂ ತಪ್ಪದಂತೆ ನಕಲು ಮಾಡಬಲ್ಲರು ಎಂದು ಆಗ ಯಾರೂ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ನಕಲು ಎಂದರೆ ಕ್ಯಾಸೆಟ್ಟು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹೋದಂತೆಲ್ಲ ಧ್ವನಿ ಮಸುಕಾಗುತ್ತಿತ್ತು.

ಹಾಗಾಗಿ ಸಿಡಿಯ ಮೇಲಿನ ಸಂಖ್ಯೆಗಳಿಗೆ ಯಾವ ಗೂಢಲಿಪಿಯೂ ಇಲ್ಲ. ನಕಲಿಗೆ ಅನುಮತಿ ಇದೆಯೋ ಇಲ್ಲವೋ ಎಂದು ಹೇಳುವ ಒಂದು ಬಿಟ್ ಮಾತ್ರ ಇದೆ. ಅದನ್ನು ಗಮನಿಸಲೇಬೇಕೆಂಬ ಕಟ್ಟುಪಾಡು ಕಂಪ್ಯೂಟರಿನ ಸಿಡಿ ಡ್ರೈವ್‌ಗಳಿಗಿಲ್ಲ.

ತೊಂಬತ್ತರ ದಶಕದ ಕೊನೆಗೆ ಪರಿಸ್ಥಿತಿ ಬದಲಾಯಿತು. ಹಾರ್ಡ್ ಡಿಸ್ಕ್ ದೊಡ್ಡದಾಯಿತು, ಸಿಡಿ ರೈಟರ್ ಅಗ್ಗವಾಯಿತು, ಎಂಪಿ3 ಬಂತು, 1999ರಲ್ಲಿ ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು. ಕಂಪನಿಗಳ ಆತಂಕ ಸುಳ್ಳಾಗಿರಲಿಲ್ಲ, ಅವುಗಳ ವ್ಯಾಪಾರಕ್ಕೆ ನಿಜವಾಗಿಯೂ ಪೆಟ್ಟು ಬೀಳುತ್ತಿತ್ತು. ಡಿವಿಡಿಯ ಹಾಗೆ ಗೂಢಲಿಪಿಯಲ್ಲಿ ಬರೆದರಾಯಿತಲ್ಲ ಎನ್ನಬಹುದು. ಡಿವಿಡಿಗೆ ಆ ಗೂಢಲಿಪಿ ಹುಟ್ಟಿನಿಂದಲೇ ಬಂದದ್ದು, ಅದನ್ನು ಬಿಡಿಸುವ ಕೀಲಿ ಪ್ರತಿ ಪ್ಲೇಯರಿನಲ್ಲೂ ಇತ್ತು. ಸಿಡಿಯ ವಿಷಯದಲ್ಲಾದರೆ 1982ರಿಂದ ಮಾರಾಟವಾದ ಕೋಟಿಗಟ್ಟಲೆ ಪ್ಲೇಯರ್‌ಗಳಿಗೆ ಬಿಡಿ ಸಂಖ್ಯೆಗಳನ್ನು ಓದುವುದೊಂದೇ ಗೊತ್ತು. ಗೂಢಲಿಪಿಯ ಸಿಡಿ ಹಾಕಿದರೆ ಅವು ಮೌನವಾಗಿ ಕೂರುತ್ತವೆ. ಹಳೆಯ ಪ್ಲೇಯರ್ ಹಾಡಬೇಕು, ಕಂಪ್ಯೂಟರ್ ಮಾತ್ರ ಎಡವಬೇಕು. ತಂತ್ರಜ್ಞರಿಗೆ ಕೊಟ್ಟ ಕೆಲಸ ಇಷ್ಟು.

ಪರಿವಿಡಿಯಲ್ಲಿ ಸುಳ್ಳು

ಸಿಡಿಯ ಸುರುಳಿ ಒಳಗಿನ ಅಂಚಿನಲ್ಲಿ ಶುರುವಾಗಿ ಹೊರಗೆ ಹೋಗುತ್ತದೆ. ಶುರುವಿನಲ್ಲಿ ಒಂದು ಪರಿವಿಡಿ ಇರುತ್ತದೆ: ಎಷ್ಟು ಹಾಡು, ಯಾವುದು ಎಲ್ಲಿ ಆರಂಭ, ಸಿಡಿ ಎಲ್ಲಿ ಮುಗಿಯಿತು. ಒಂದೇ ಸಿಡಿಯ ಮೇಲೆ ಒಂದಾದ ಮೇಲೊಂದು ಹಲವು ಕಂತುಗಳಲ್ಲಿ ಬರೆಯುವ ಪದ್ಧತಿ ಆಮೇಲೆ ಬಂತು, ಪ್ರತಿ ಕಂತಿಗೂ ಅದರದೇ ಪರಿವಿಡಿ. ಹಳೆಯ ಆಡಿಯೊ ಪ್ಲೇಯರ್‌ಗೆ ಮೊದಲ ಕಂತು ಮಾತ್ರ ಕಾಣುತ್ತದೆ. ಕಂಪ್ಯೂಟರ್ ಕೊನೆಯ ಕಂತಿನ ತನಕ ಹೋಗಿ, ಅಲ್ಲಿ ಬರೆದದ್ದನ್ನು ನಂಬುತ್ತದೆ.

ಮೊದಲ ತಲೆಮಾರಿನ ನಕಲು ತಡೆ ಹುಟ್ಟಿದ್ದು ಈ ವ್ಯತ್ಯಾಸದಲ್ಲಿ. ಇಸ್ರೇಲಿನ ಮಿಡ್‌ಬಾರ್ ಕಂಪನಿಯ 'ಕ್ಯಾಕ್ಟಸ್ ಡೇಟಾ ಶೀಲ್ಡ್', ಸೋನಿ ಡಿಎಡಿಸಿಯ 'ಕೀ2ಆಡಿಯೊ' ಮುಂತಾದವು ಸಿಡಿಯ ಹೊರ ಅಂಚಿಗೆ ಇನ್ನೊಂದು ಕಂತು ಸೇರಿಸಿ, ಅದರಲ್ಲಿ ತಪ್ಪು ಮಾಹಿತಿ ತುಂಬಿದವು. ಸಿಡಿ ಅರ್ಧ ನಿಮಿಷದಲ್ಲೇ ಮುಗಿಯುತ್ತದೆ ಎಂದೋ, ಹಾಡುಗಳಿರುವ ಜಾಗದಲ್ಲಿ ಹಾಡು ಇಲ್ಲ ಎಂದೋ ಕಂಪ್ಯೂಟರ್ ತಿಳಿಯಬೇಕು. ಆಡಿಯೊ ಪ್ಲೇಯರ್ ಆ ಕಡೆ ತಲೆ ಹಾಕದ ಕಾರಣ ಎಂದಿನಂತೆ ಹಾಡುತ್ತದೆ.

ಕಾಗದದ ಮೇಲೆ ಇದು ಚೊಕ್ಕ ಉಪಾಯ. ಆದರೆ 2001ರ ಹೊತ್ತಿಗೆ 'ಆಡಿಯೊ ಪ್ಲೇಯರ್' ಮತ್ತು 'ಕಂಪ್ಯೂಟರ್ ಡ್ರೈವ್' ಎಂಬ ಗೆರೆಯೇ ಅಳಿಸಿಹೋಗಿತ್ತು. ಕಾರಿನ ಸ್ಟೀರಿಯೊ, ಡಿವಿಡಿ ಪ್ಲೇಯರ್, ಆಟದ ಕನ್ಸೋಲ್, ಎಂಪಿ3 ಸಿಡಿಯನ್ನೂ ಹಾಡಿಸುವ ಮನೆಯ ಸೆಟ್, ಇವುಗಳಲ್ಲಿ ಬಹುಪಾಲಿಗೆ ಒಳಗೆ ಕೂತಿದ್ದದ್ದು ಕಂಪ್ಯೂಟರಿನ ಮಾದರಿಯ ಡ್ರೈವ್. ಕೆಲವು ದುಬಾರಿ ಆಡಿಯೊ ಪ್ಲೇಯರ್‌ಗಳಲ್ಲೂ ಅದೇ. ಹಾಡನ್ನು ನಕಲು ಮಾಡುವ ಯೋಚನೆಯೇ ಇಲ್ಲದೆ, ಆಫೀಸಿಗೆ ಹೋಗುವ ದಾರಿಯಲ್ಲಿ ಕೇಳೋಣ ಎಂದುಕೊಂಡವರ ಕಾರಿನಲ್ಲಿ ಸಿಡಿ ಒಳಗೆ ಹೋಗಿ ಹೊರಗೆ ಬಂತು.

2001ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಬಿಎಂಜಿ ಹೊರತಂದ ನಟಾಲಿ ಇಂಬ್ರೂಲಿಯಾ ಅವರ 'ವೈಟ್ ಲಿಲೀಸ್ ಐಲೆಂಡ್' ಆಲ್ಬಮ್ಮಿಗೆ ಕ್ಯಾಕ್ಟಸ್ ತಡೆ ಇತ್ತು. ದೂರುಗಳು ಬಂದ ಮೇಲೆ ಕಂಪನಿ ತಡೆ ಇಲ್ಲದ ಪ್ರತಿಗಳನ್ನು ಬದಲಿಯಾಗಿ ಕೊಡಬೇಕಾಯಿತು. ಮರು ವರ್ಷ ಸೆಲೀನ್ ಡಿಯಾನ್ ಅವರ 'ಎ ನ್ಯೂ ಡೇ ಹ್ಯಾಸ್ ಕಮ್' ಯುರೋಪಿನಲ್ಲಿ ಕೀ2ಆಡಿಯೊ ತಡೆಯೊಂದಿಗೆ ಬಂತು. ಅದನ್ನು ಆಗಿನ ಐಮ್ಯಾಕ್ ಕಂಪ್ಯೂಟರಿಗೆ ಹಾಕಿದವರ ಗತಿ ಇನ್ನೂ ಕಷ್ಟ. ಸಿಡಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು, ಕಂಪ್ಯೂಟರ್ ಹೆಪ್ಪುಗಟ್ಟುತ್ತಿತ್ತು, ಆರಿಸಿ ಮತ್ತೆ ಹಚ್ಚಿದರೆ ಬೂದು ಬಣ್ಣದ ಪರದೆಯಲ್ಲೇ ನಿಂತುಬಿಡುತ್ತಿತ್ತು. ಕಂಪ್ಯೂಟರಿನಲ್ಲಿ ಹಾಡುವುದಿಲ್ಲ ಎಂದು ಮೇಲೆ ಅಚ್ಚು ಹಾಕಿದ್ದು ನಿಜ. ಆದರೆ ಹಾಡದೆ ಇರುವುದು ಬೇರೆ, ಯಂತ್ರವನ್ನೇ ಕೂರಿಸುವುದು ಬೇರೆ.

ಈ ತಡೆಯನ್ನು ಮುರಿಯಲು ಬೇಕಾದದ್ದು ಒಂದು ಮಾರ್ಕರ್ ಪೆನ್. ಸಿಡಿಯ ಕೆಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊರ ಅಂಚಿನ ಹತ್ತಿರ ಒಂದು ತೆಳು ಉಂಗುರ ಕಾಣುತ್ತದೆ, ಹಾಡಿನ ಕಂತು ಮುಗಿದು ಸುಳ್ಳಿನ ಕಂತು ಶುರುವಾಗುವ ಗಡಿ ಅದು. ಗಡಿಯಾಚೆಗಿನ ಪಟ್ಟಿಯ ಮೇಲೆ ಕಪ್ಪು ಮಸಿ ಬಳಿದರೆ ಡ್ರೈವ್‌ಗೆ ಆ ಕಂತು ಕಾಣುವುದಿಲ್ಲ. ಕಾಣದಿದ್ದ ಮೇಲೆ ಅದು ಮೊದಲ ಕಂತನ್ನೇ ನಂಬಿ ಎಲ್ಲ ಹಾಡನ್ನೂ ಓದುತ್ತದೆ. 2002ರ ಮೇ ತಿಂಗಳಲ್ಲಿ ಈ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಹಾಡು ಹಂಚುವವರಲ್ಲಿ ಯಾರೋ ಒಬ್ಬರು ಇದನ್ನು ಮಾಡಿದರೆ ಸಾಕು, ಎಂಪಿ3 ಜಗತ್ತಿಗೆಲ್ಲ ಸಿಗುತ್ತದೆ. ಕಾರಿನಲ್ಲಿ ಹಾಡು ಕೇಳಲು ಹೊರಟ ಸಾವಿರಾರು ಜನರಿಗೆ ಮಾತ್ರ ಮಾರ್ಕರಿನ ಗುಟ್ಟು ಗೊತ್ತಿರಲಿಲ್ಲ.

ಬೇಕೆಂದೇ ಹಾಕಿದ ತಪ್ಪುಗಳು

ಪರಿವಿಡಿಯ ತಂತ್ರ ಯಂತ್ರ ಯಂತ್ರಕ್ಕೂ ಬೇರೆ ಬೇರೆ ಫಲ ಕೊಟ್ಟಿತು. ಇನ್ನೊಂದು ತಂತ್ರ ಇದಕ್ಕಿಂತ ಸೂಕ್ಷ್ಮವಾದದ್ದು, ನನ್ನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟದ್ದು.

ಸಿಡಿಯ ಮೇಲೆ ಧೂಳು ಕೂರುತ್ತದೆ, ಗೀರು ಬೀಳುತ್ತದೆ, ಬೆರಳಚ್ಚು ಹತ್ತುತ್ತದೆ. ಆದರೂ ಹಾಡು ಕೆಡದಿರಲೆಂದು ರೆಡ್ ಬುಕ್ ಬರೆದವರು ಅದ್ಭುತವಾದ ವ್ಯವಸ್ಥೆ ಮಾಡಿದ್ದರು. ಸಂಖ್ಯೆಗಳನ್ನು ಸಾಲಾಗಿ ಬರೆಯದೆ ಸುರುಳಿಯ ದಾರಿಯಲ್ಲಿ ಚದುರಿಸಿ, ಜೊತೆಗೆ ತಾಳೆ ನೋಡುವ ಹೆಚ್ಚುವರಿ ಸಂಖ್ಯೆಗಳನ್ನು ಸೇರಿಸುತ್ತಾರೆ. ಒಂದು ಕಡೆ ಗೀರು ಬಿದ್ದರೆ ಯಾವ ಹಾಡಿನ ಭಾಗವೂ ಪೂರ್ತಿ ನಾಶವಾಗುವುದಿಲ್ಲ, ಅಲ್ಲಲ್ಲಿ ಒಂದೊಂದು ಸಂಖ್ಯೆ ಮಾತ್ರ ಕಾಣೆಯಾಗುತ್ತದೆ, ಉಳಿದವುಗಳಿಂದ ಅದನ್ನು ಮತ್ತೆ ಲೆಕ್ಕ ಹಾಕಿ ತೆಗೆಯಬಹುದು. ಸುರುಳಿಯ ದಾರಿಯಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ಹಾನಿಯನ್ನು ಹೀಗೆ ಒಂದು ಅಂಕಿಯೂ ತಪ್ಪದಂತೆ ಸರಿಪಡಿಸಬಹುದು. ಅದನ್ನೂ ಮೀರಿದರೆ ಆಡಿಯೊ ಪ್ಲೇಯರ್ ಕೊನೆಯ ಉಪಾಯವಾಗಿ ಹಿಂದಿನ ಮುಂದಿನ ಸಂಖ್ಯೆಗಳನ್ನು ನೋಡಿ ನಡುವಿನದನ್ನು ಅಂದಾಜು ಮಾಡುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ.

ಕಂಪ್ಯೂಟರ್ ಡ್ರೈವ್ ಹಾಡನ್ನು ಫೈಲಾಗಿ ಎತ್ತಿಕೊಳ್ಳುವಾಗ ಹೀಗೆ ಅಂದಾಜು ಮಾಡಲೇಬೇಕೆಂದಿಲ್ಲ. ಹಲವು ಡ್ರೈವ್‌ಗಳು ಸಿಕ್ಕಿದ್ದನ್ನು ಸಿಕ್ಕ ಹಾಗೆ ಒಪ್ಪಿಸುತ್ತವೆ. ಮ್ಯಾಕ್ರೋವಿಷನ್ ಕಂಪನಿಯ 'ಸೇಫ್‌ಆಡಿಯೊ' ಈ ಬಿರುಕಿಗೆ ಕೈ ಹಾಕಿತು, ಕ್ಯಾಕ್ಟಸ್‌ನ ಕೆಲವು ಆವೃತ್ತಿಗಳಲ್ಲೂ ಇದೇ ಉಪಾಯ ಇತ್ತು. ಸಿಡಿ ಅಚ್ಚು ಹಾಕುವಾಗಲೇ ಅಲ್ಲಲ್ಲಿ ತಪ್ಪು ಸಂಖ್ಯೆ ಬರೆದು, ತಾಳೆ ಸಂಖ್ಯೆಯನ್ನೂ ಹೊಂದದಂತೆ ಇಡುವುದು. ಪ್ಲೇಯರ್ ಅದನ್ನು ಗೀರೆಂದು ತಿಳಿದು ಅಂದಾಜಿನಿಂದ ಮುಚ್ಚುತ್ತದೆ. ಕಂಪ್ಯೂಟರಿನಲ್ಲಿ ಎತ್ತಿದ ಫೈಲಿನಲ್ಲಿ ಟಕ್ ಟಕ್ ಸದ್ದು ಕೇಳುತ್ತದೆ.

ಇದರಲ್ಲಿ ಕೊಂಡವರಿಗೆ ಆದ ನಷ್ಟ ಕೊಂಡ ದಿನ ಕಾಣುವಂಥದ್ದಲ್ಲ. ತಪ್ಪು ತಿದ್ದುವ ಶಕ್ತಿಗೆ ಒಂದು ಮಿತಿ ಇದೆ. ಆ ಶಕ್ತಿ ಇರುವುದು ಮುಂದೆ ಬೀಳುವ ಗೀರುಗಳಿಗಾಗಿ. ಹೊಸ ಸಿಡಿಯಲ್ಲೇ ಅದರ ಒಂದು ಪಾಲು ಖರ್ಚಾಗಿದ್ದರೆ, ಮಾಮೂಲಿ ಸಿಡಿ ಸಹಿಸಿಕೊಳ್ಳುತ್ತಿದ್ದ ಗೀರಿಗೇ ಇದು ತೊದಲಲು ಶುರುಮಾಡುತ್ತದೆ. ಬಾಳಿಕೆ ಕಡಿಮೆ ಮಾಡಿದ ಮಾಲಿಗೆ ಪೂರ್ತಿ ಬೆಲೆ ತೆಗೆದುಕೊಂಡ ಹಾಗಾಯಿತು. ಅದಕ್ಕೇ ಇದನ್ನು ಕೆಟ್ಟದ್ದೆಂದೆ. ಪರಿವಿಡಿಯ ಸುಳ್ಳನ್ನು ಮಸಿ ಬಳಿದು ಮುಚ್ಚಬಹುದು. ಅಚ್ಚಿನಲ್ಲೇ ಕೆಟ್ಟ ಸಂಖ್ಯೆಯ ಮೂಲವನ್ನು ಕೊಂಡವರು ಎಲ್ಲಿಂದ ತರಬೇಕು?

ಇಂಥ ತಟ್ಟೆಗಳಿಗೆ ಸಿಡಿ ಎಂದು ಹೆಸರಿಡಬಹುದೇ ಎಂಬ ಪ್ರಶ್ನೆಯನ್ನು ಸ್ವತಃ ಫಿಲಿಪ್ಸ್ ಎತ್ತಿತು. ರೆಡ್ ಬುಕ್ಕಿಗೆ ಹೊಂದದ ತಟ್ಟೆಯ ಮೇಲೆ 'ಕಾಂಪ್ಯಾಕ್ಟ್ ಡಿಸ್ಕ್' ಲಾಂಛನ ಹಾಕುವಂತಿಲ್ಲ ಎಂದು 2002ರ ಆರಂಭದಲ್ಲಿ ಅದು ಹೇಳಿತು. ಫ್ರಾನ್ಸಿನ ನಾಂತೇರ್ ನ್ಯಾಯಾಲಯ 2003ರಲ್ಲಿ, ಎಲ್ಲ ಪ್ಲೇಯರ್‌ಗಳಲ್ಲೂ ಹಾಡದಿರಬಹುದು ಎಂಬುದನ್ನು ಕೊಳ್ಳುವವರಿಗೆ ಕಾಣುವಂತೆ ಹೊರಗೆ ಅಚ್ಚು ಹಾಕಬೇಕೆಂದು ಸಂಗೀತ ಕಂಪನಿ ಇಎಂಐಗೆ ಆದೇಶಿಸಿತು. ಕಾರಿನಲ್ಲಿ ಹಾಡದ ಸಿಡಿಯ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಅದನ್ನು ಮಾಲಿನ ಗುಪ್ತ ದೋಷವೆಂದು ಪರಿಗಣಿಸಿತು.

ಶಿಫ್ಟ್ ಕೀಲಿಯಿಂದ ರೂಟ್‌ಕಿಟ್‌ವರೆಗೆ

ತಟ್ಟೆ ಕೆಡಿಸಿದರೆ ದೂರುಗಳ ಸುರಿಮಳೆ. ಆದ್ದರಿಂದ ಮುಂದಿನ ತಲೆಮಾರು ತಟ್ಟೆಯನ್ನು ಬಹುಮಟ್ಟಿಗೆ ಸರಿಯಾಗಿಯೇ ಬಿಟ್ಟು ಕಂಪ್ಯೂಟರಿನ ಕಡೆ ತಿರುಗಿತು. ಆಗಿನ ವಿಂಡೋಸ್‌ನಲ್ಲಿ ಸಿಡಿ ಹಾಕಿದೊಡನೆ ಅದರಲ್ಲಿರುವ ಪ್ರೋಗ್ರಾಮ್ ತನ್ನಿಂದ ತಾನೇ ಓಡುವ 'ಆಟೋರನ್' ಸೌಕರ್ಯವಿತ್ತು. ಆ ಬಾಗಿಲಿನಿಂದ ಒಂದು ಡ್ರೈವರ್ ಅನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ, ತಡೆ ಇರುವ ಸಿಡಿಯನ್ನು ಬೇರೆ ಯಾವ ಪ್ರೋಗ್ರಾಮ್ ಓದಲು ಬಂದರೂ ಗದ್ದಲ ಬೆರೆಸಿ ಕೊಡುವಂತೆ ಮಾಡಬಹುದು.

ಅಮೆರಿಕದ ಸನ್‌ಕಾಮ್ ಕಂಪನಿಯ 'ಮೀಡಿಯಾಮ್ಯಾಕ್ಸ್' ಹೀಗೆ ಕೆಲಸ ಮಾಡುತ್ತಿತ್ತು. 2003ರ ಅಕ್ಟೋಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಇದನ್ನು ಬಿಡಿಸಿ ನೋಡಿ, ಸಿಡಿ ಹಾಕುವಾಗ ಕೀಬೋರ್ಡಿನ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಆಟೋರನ್ ಓಡುವುದಿಲ್ಲ, ಆದ್ದರಿಂದ ತಡೆಯೂ ಇಲ್ಲ ಎಂದು ಪ್ರಕಟಿಸಿದರು. ಕಂಪನಿ ಅವರ ಮೇಲೆ 1 ಕೋಟಿ ಡಾಲರ್‌ನ ದಾವೆ ಹೂಡುವುದಾಗಿ ಗುಡುಗಿ, ಬೇಗನೆ ಹಿಂದೆ ಸರಿಯಿತು.

ಶಿಫ್ಟ್ ಒತ್ತಿದರೆ ಸಾಯುವ ತಡೆಯನ್ನು ಗಟ್ಟಿ ಮಾಡುವುದು ಹೇಗೆ? ಒಂದು ಸಲ ಒಳಗೆ ಬಂದದ್ದು ಹೊರಗೆ ಹೋಗಬಾರದು, ಕಂಪ್ಯೂಟರಿನ ಮಾಲೀಕರಿಗೆ ಕಾಣಿಸಲೂಬಾರದು. ಹೀಗೆ ಯೋಚಿಸುತ್ತ ಹೋದರೆ ತಲುಪುವ ಜಾಗ ವೈರಸ್ ಬರೆಯುವವರ ಕಾರ್ಯಾಗಾರ. ಬ್ರಿಟನ್ನಿನ ಫಸ್ಟ್ 4 ಇಂಟರ್‌ನೆಟ್ ಎಂಬ ಕಂಪನಿ ಬರೆದ 'ಎಕ್ಸ್‌ಸಿಪಿ' ಅಲ್ಲಿಗೇ ತಲುಪಿತು. ಸೋನಿ ಬಿಎಂಜಿ ಅದನ್ನು ತನ್ನ 52 ಆಲ್ಬಮ್‌ಗಳಿಗೆ ಹಾಕಿತು. ತಯಾರಾದ ಪ್ರತಿಗಳು ಸುಮಾರು 47 ಲಕ್ಷ, ಮಾರಾಟವಾದವು ಸುಮಾರು 21 ಲಕ್ಷ.

2005ರ ಅಕ್ಟೋಬರ್ 31ರಂದು ವಿಂಡೋಸ್‌ನ ಒಳಮರ್ಮ ಬಲ್ಲ ಮಾರ್ಕ್ ರಸಿನೋವಿಚ್ ಒಂದು ಬರಹ ಪ್ರಕಟಿಸಿದರು. ರೂಟ್‌ಕಿಟ್‌ಗಳನ್ನು, ಅಂದರೆ ಕಂಪ್ಯೂಟರಿನ ಆಳದಲ್ಲಿ ಕೂತು ತನ್ನನ್ನೂ ತನ್ನವರನ್ನೂ ಮರೆಮಾಡುವ ಪ್ರೋಗ್ರಾಮ್‌ಗಳನ್ನು ಪತ್ತೆ ಹಚ್ಚಲು ತಾವೇ ಬರೆದ ಸಾಧನವನ್ನು ತಮ್ಮದೇ ಯಂತ್ರದಲ್ಲಿ ಓಡಿಸಿದಾಗ, ವಿಂಡೋಸ್‌ಗೆ ಕಾಣದ ಒಂದು ಫೋಲ್ಡರ್ ಅವರಿಗೆ ಕಂಡಿತು. ಎಳೆ ಹಿಡಿದು ಹೋದರೆ ಅದು ಬಂದದ್ದು ಅವರು ಹಣ ಕೊಟ್ಟು ಕೊಂಡಿದ್ದ ವ್ಯಾನ್ ಝ್ಯಾಂಟ್ ಸಹೋದರರ ಒಂದು ಸಿಡಿಯಿಂದ. ಎಕ್ಸ್‌ಸಿಪಿ ವಿಂಡೋಸ್‌ನ ತಿರುಳನ್ನೇ ತಿದ್ದಿ, ಹೆಸರಿನ ಆರಂಭದಲ್ಲಿ ಡಾಲರ್ ಚಿಹ್ನೆ, ಎಸ್, ವೈ, ಎಸ್, ಮತ್ತೆ ಡಾಲರ್ ಚಿಹ್ನೆ ಇರುವ ಯಾವ ಫೈಲೂ ಕಾಣದಂತೆ ಮಾಡಿತ್ತು. ತನ್ನ ಫೈಲುಗಳನ್ನಷ್ಟೇ ಅಲ್ಲ, ಆ ಹೆಸರಿನ ಯಾರ ಫೈಲನ್ನಾದರೂ ಸರಿ. ಸಿಡಿ ಡ್ರೈವಿನಲ್ಲಿ ಇಲ್ಲದಿದ್ದಾಗಲೂ ಅದು ಎರಡು ಸೆಕೆಂಡಿಗೊಮ್ಮೆ ಓಡುತ್ತಿರುವ ಪ್ರೋಗ್ರಾಮ್‌ಗಳನ್ನೆಲ್ಲ ತಡಕಾಡುತ್ತಿತ್ತು. ಅಳಿಸಿಹಾಕುವ ದಾರಿ ಕೊಟ್ಟಿರಲಿಲ್ಲ. ರಸಿನೋವಿಚ್ ಫೈಲುಗಳನ್ನು ಕೈಯಿಂದ ಕಿತ್ತು ಹಾಕಿದಾಗ ಅವರ ಸಿಡಿ ಡ್ರೈವೇ ವಿಂಡೋಸ್‌ನಿಂದ ಮಾಯವಾಯಿತು, ಏಕೆಂದರೆ ಎಕ್ಸ್‌ಸಿಪಿ ತನ್ನನ್ನು ಡ್ರೈವ್‌ಗೂ ವಿಂಡೋಸ್‌ಗೂ ನಡುವಿನ ಕೊಂಡಿಯಾಗಿ ಹೆಣೆದುಕೊಂಡಿತ್ತು. ಅವರಿಗೆ ಸರಿಪಡಿಸಲು ಬರುತ್ತಿತ್ತು. ಬೇರೆಯವರಾಗಿದ್ದರೆ ವಿಂಡೋಸ್ ಹೊಸದಾಗಿ ಹಾಕಬೇಕಾಗುತ್ತಿತ್ತು.

ಮುಂದಿನ ಕೆಲವು ವಾರಗಳಲ್ಲಿ ಒಂದೊಂದೇ ಹೊರಬಂತು. ಮೊದಲನೆಯದು, ಆ ಹೆಸರಿಟ್ಟುಕೊಂಡರೆ ಯಾರ ಫೈಲೂ ಅಡಗುತ್ತದೆ ಎಂದು ತಿಳಿದೊಡನೆ ಕೇಡಿಗರು ಅದೇ ಹೆಸರಿನ ಟ್ರೋಜನ್‌ಗಳನ್ನು, ಅಂದರೆ ವೇಷ ಮರೆಸಿ ಬರುವ ಕೇಡಿನ ಪ್ರೋಗ್ರಾಮ್‌ಗಳನ್ನು, ಬಿಟ್ಟರು, ನವೆಂಬರ್ 10ರ ಸುಮಾರಿಗೇ. ಎಕ್ಸ್‌ಸಿಪಿಯನ್ನು ಅಳಿಸಲು ಸೋನಿ ಬಿಎಂಜಿ ಕೊಟ್ಟ ಪ್ರೋಗ್ರಾಮ್ ಇನ್ನೂ ದೊಡ್ಡ ಆಘಾತ. ಇಮೇಲ್ ವಿಳಾಸ ಕೊಟ್ಟು, ಅರ್ಜಿ ತುಂಬಿ, ಕೊಂಡಿಗಾಗಿ ಕಾದು ಪಡೆಯಬೇಕಾದ ಆ ಪ್ರೋಗ್ರಾಮ್, ಯಾವುದೇ ವೆಬ್ ಪುಟ ಆ ಕಂಪ್ಯೂಟರಿನಲ್ಲಿ ತನಗೆ ಬೇಕಾದ್ದನ್ನು ಓಡಿಸಬಹುದಾದ ತೂತನ್ನು ಹಿಂದೆ ಬಿಟ್ಟು ಹೋಗುತ್ತಿತ್ತು. ಇದನ್ನು ಹಾಲ್ಡರ್‌ಮನ್ ಮತ್ತು ಅವರ ಪ್ರಾಧ್ಯಾಪಕ ಎಡ್ ಫೆಲ್ಟನ್ ವಿವರಿಸಿದರು. ಇಬ್ಬರೂ ಮೀಡಿಯಾಮ್ಯಾಕ್ಸ್‌ನ ಹೊಸ ಆವೃತ್ತಿಯನ್ನೂ ಪರೀಕ್ಷಿಸಿದರು. ಪರದೆಯ ಮೇಲೆ ಒಪ್ಪಂದ ತೋರಿಸುವ ಮೊದಲೇ ಅದು ಕಂಪ್ಯೂಟರಿಗೆ ಫೈಲುಗಳನ್ನು ಇಳಿಸಿಬಿಡುತ್ತಿತ್ತು, 'ಒಪ್ಪುವುದಿಲ್ಲ' ಎಂದು ಒತ್ತಿದರೂ ಅವು ಅಲ್ಲೇ ಉಳಿಯುತ್ತಿದ್ದವು. ಎಕ್ಸ್‌ಸಿಪಿಯೊಳಗೆ 'ಲೇಮ್' ಎಂಬ ಮುಕ್ತ ತಂತ್ರಾಂಶದ ತುಣುಕುಗಳೂ ಪತ್ತೆಯಾದವು. ಹಕ್ಕುಸ್ವಾಮ್ಯ ಕಾಯಲು ಬಂದ ಪ್ರೋಗ್ರಾಮ್ ಬೇರೆಯವರ ಬರಹವನ್ನು ಅವರ ಷರತ್ತು ಪಾಲಿಸದೆ ಬಳಸಿಕೊಂಡಿತ್ತು.

ಸೋಂಕು ಎಷ್ಟು ಹರಡಿತ್ತು? ಎಕ್ಸ್‌ಸಿಪಿ ಸಿಡಿಯ ಜೊತೆ ಬಂದ ಪ್ಲೇಯರ್ ಕಂಪನಿಯ ಸರ್ವರ್ ಅನ್ನು ಸಂಪರ್ಕಿಸುತ್ತಿತ್ತು. ಸಂಪರ್ಕಿಸುವ ಮುನ್ನ ಆ ಸರ್ವರಿನ ವಿಳಾಸ ಕೇಳಬೇಕು, ಕೇಳಿದ ಕುರುಹು ಊರೂರಿನ ಡಿಎನ್‌ಎಸ್ ಸರ್ವರ್‌ಗಳಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಡ್ಯಾನ್ ಕಮಿನ್ಸ್‌ಕಿ ಎಂಬ ಭದ್ರತಾ ತಜ್ಞ ಅಂಥ ಸರ್ವರ್‌ಗಳನ್ನು ಜಗತ್ತಿನಾದ್ಯಂತ ಪರೀಕ್ಷಿಸಿದಾಗ ಕನಿಷ್ಠ 5,68,200 ಸರ್ವರ್‌ಗಳಲ್ಲಿ ಕುರುಹು ಸಿಕ್ಕಿತು. ಒಂದೊಂದು ಸರ್ವರಿನ ಹಿಂದೆಯೂ ಹಲವು ಕಂಪ್ಯೂಟರ್‌ಗಳಿರಬಹುದು.

ಸಿಡಿಯ ಜೊತೆಗಿನ ಒಪ್ಪಂದವನ್ನು ಪೂರ್ತಿ ಓದಿದ, ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ವಕೀಲರು ಅದರ ಷರತ್ತುಗಳನ್ನು ಬಿಡಿಸಿ ಹೇಳಿದರು. ಮನೆಯಲ್ಲಿ ಕಳ್ಳತನವಾಗಿ ಸಿಡಿ ಹೋದರೆ ಕಂಪ್ಯೂಟರಿನಲ್ಲಿರುವ ಪ್ರತಿಯನ್ನೂ ಅಳಿಸಬೇಕು. ದಿವಾಳಿ ಅರ್ಜಿ ಹಾಕಿದರೂ ಅಳಿಸಬೇಕು. ಕಂಪನಿಯಿಂದ ಏನೇ ಹಾನಿಯಾದರೂ ಪರಿಹಾರ 5 ಡಾಲರ್ ಮೀರುವುದಿಲ್ಲ. ಸೋನಿ ಬಿಎಂಜಿಯ ಹಿರಿಯ ಅಧಿಕಾರಿಯೊಬ್ಬರು ಆ ದಿನಗಳಲ್ಲಿ ರೇಡಿಯೊ ಸಂದರ್ಶನದಲ್ಲಿ, ಬಹಳ ಜನರಿಗೆ ರೂಟ್‌ಕಿಟ್ ಎಂದರೇನೆಂದೇ ಗೊತ್ತಿಲ್ಲ, ಅಂದ ಮೇಲೆ ಅವರೇಕೆ ಚಿಂತಿಸಬೇಕು ಎಂಬರ್ಥದ ಮಾತಾಡಿದರು. ಗೊತ್ತಿಲ್ಲದವರ ಕಂಪ್ಯೂಟರಿಗೆ ಅದನ್ನು ಸೇರಿಸಿದ್ದೇ ಜನರ ಸಿಟ್ಟಿಗೆ ಕಾರಣ ಎಂಬುದು ಅವರಿಗೆ ಹೊಳೆಯಲಿಲ್ಲ.

ನವೆಂಬರ್ ನಡುವಿನಲ್ಲಿ ಕಂಪನಿ ಸಿಡಿಗಳನ್ನು ವಾಪಸ್ ಕರೆಸಿತು. ಟೆಕ್ಸಾಸ್ ರಾಜ್ಯ ಮೊಕದ್ದಮೆ ಹೂಡಿತು, ಗ್ರಾಹಕರ ಸಾಮೂಹಿಕ ದಾವೆಗಳೂ ಬಂದವು. ರಾಜಿಯಾದಾಗ ಎಕ್ಸ್‌ಸಿಪಿ ಸಿಡಿ ಕೊಂಡವರಿಗೆ ತಡೆ ಇಲ್ಲದ ಸಿಡಿ, ಅದರ ಜೊತೆಗೆ 7.50 ಡಾಲರ್ ಮತ್ತು ಒಂದು ಆಲ್ಬಮ್‌ನ ಡೌನ್‌ಲೋಡ್, ಇಲ್ಲವೇ ಹಣದ ಬದಲು ಮೂರು ಆಲ್ಬಮ್ ಸಿಗುವಂತಾಯಿತು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ, ತಡೆಯನ್ನು ಕಿತ್ತುಹಾಕಲು ಹೋಗಿ ಕಂಪ್ಯೂಟರ್ ಕೆಟ್ಟವರಿಗೆ 150 ಡಾಲರ್‌ವರೆಗೆ ದುರಸ್ತಿ ವೆಚ್ಚ ಕೊಡಲು ಕಂಪನಿ ಒಪ್ಪಿತು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ರಸಿನೋವಿಚ್ ಬರೆಯುವ ಮೊದಲೇ ಪ್ರಿನ್ಸ್‌ಟನ್‌ನವರಿಗೆ ಎಕ್ಸ್‌ಸಿಪಿಯ ಅಪಾಯದ ಸುಳಿವು ಸಿಕ್ಕಿತ್ತು. ಆದರೆ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಮಾಡಿದ ಅಮೆರಿಕದ 1998ರ ಕಾಯ್ದೆ, ಡಿಎಂಸಿಎ, ತಮ್ಮ ಮೇಲೆ ಬೀಳಬಹುದೆಂದು ಅವರು ವಾರಗಟ್ಟಲೆ ವಕೀಲರ ಜೊತೆ ಮಾತಾಡುತ್ತ ಕೂರಬೇಕಾಯಿತು. ಅಷ್ಟೂ ದಿನ ಅಂಗಡಿಗಳಲ್ಲಿ ಆ ಸಿಡಿಗಳು ಮಾರಾಟವಾಗುತ್ತಿದ್ದವು. 2006ರ ನವೆಂಬರಿನಲ್ಲಿ, ಸಿಡಿಗಳ ತಡೆಯಿಂದ ಹುಟ್ಟಿದ ಭದ್ರತಾ ದೋಷಗಳನ್ನು ಪರೀಕ್ಷಿಸುವವರಿಗೆ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಪರೀಕ್ಷಿಸಲು ಹೊಸ ಸಿಡಿಗಳೇ ಬರುತ್ತಿರಲಿಲ್ಲ.

ಇಎಂಐ ಕೂಡ ತನ್ನ 'ಕಾಪಿ ಕಂಟ್ರೋಲ್' ಸಿಡಿಗಳನ್ನು ಕೈಬಿಟ್ಟಿತು. 2009ರ ಜನವರಿಯಲ್ಲಿ ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ ತನ್ನ ಹಾಡುಗಳಿಂದ ಬೀಗ ತೆಗೆಯುವುದಾಗಿ ಸಾರಿತು. ಅದಕ್ಕೂ ಮುಂಚೆ ಬೀಗದ ಸಿಡಿ ಕೊಂಡ ಐಪಾಡ್ ಒಡೆಯರಿಗೆ ಆದ ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ಸೋನಿ ಬಿಎಂಜಿಯ ತಡೆ ಬೆರಳೆಣಿಕೆಯ ಪ್ರತಿಗಳಿಗೆ ಅವಕಾಶ ಕೊಡುತ್ತಿತ್ತು, ಅವು ಮೈಕ್ರೋಸಾಫ್ಟ್‌ನ ಬೀಗದ ಫೈಲುಗಳು, ಐಪಾಡ್ ಅವುಗಳನ್ನು ಓದುತ್ತಿರಲಿಲ್ಲ. ಕೊಂಡ ಹಾಡನ್ನು ಕಿಸೆಯಲ್ಲಿಟ್ಟುಕೊಂಡು ಕೇಳಬೇಕಾದರೆ ಕಂಪನಿಗೆ ಬರೆದು ಉಪಾಯ ಕೇಳಬೇಕಿತ್ತು.

ನಮ್ಮ ಕಾನೂನು, ನಿಮ್ಮ ಕಪಾಟು

ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ 65ಎ ಕಲಂ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಅಮೆರಿಕದ ಕಾಯ್ದೆಗೂ ಇದಕ್ಕೂ ಇರುವ ಅಂತರ 'ಉದ್ದೇಶ' ಎಂಬುದರಲ್ಲಿದೆ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ತಡೆ ಮುರಿಯುವುದು 65ಎ ಪ್ರಕಾರ ಅಪರಾಧವಲ್ಲ. ಇನ್ನು 52ನೇ ಕಲಂ ಖಾಸಗಿ, ವೈಯಕ್ತಿಕ ಬಳಕೆಗಾಗಿ ಮಾಡುವ ನ್ಯಾಯಯುತ ಉಪಯೋಗವನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ, ತಾನು ಕೊಂಡ ಸಿಡಿಯನ್ನು ತನ್ನ ಫೋನಿನಲ್ಲಿ ಕೇಳಲು ಇಳಿಸಿಕೊಳ್ಳುವವರ ಪರವಾಗಿ ನಮ್ಮ ಕಾನೂನಿನಲ್ಲಿ ಗಟ್ಟಿ ವಾದವಿದೆ. ಹಂಚಲು, ಮಾರಲು ಮಾಡುವ ನಕಲಿಗೆ ಈ ರಕ್ಷಣೆ ಇಲ್ಲ.

ಆ ವರ್ಷಗಳಲ್ಲಿ ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದವರು ತಂದ ಸಿಡಿಗಳು ನಿಮ್ಮ ಕಪಾಟಿನಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಸೋನಿ ಬಿಎಂಜಿಯ ತಡೆ ಇದ್ದ ಡಬ್ಬಿಯ ಮುಂಬದಿಯ ಎಡ ಅಂಚಿನಲ್ಲಿ 'ಕಂಟೆಂಟ್ ಪ್ರೊಟೆಕ್ಟೆಡ್' ಎಂಬ ಇಂಗ್ಲಿಷ್ ಪಟ್ಟಿ ಇರುತ್ತದೆ. ಹಿಂಬದಿಯಲ್ಲಿ ಚೌಕದೊಳಗೆ ಅಚ್ಚಾದ ವೆಬ್ ವಿಳಾಸ ಎಕ್ಸ್‌ಸಿಪಿ ಎಂದು ಕೊನೆಯಾದರೆ ಅದು ರೂಟ್‌ಕಿಟ್ ಇದ್ದ ಸಿಡಿ. ಇಎಂಐ ಸಿಡಿಗಳ ಮೇಲೆ 'ಕಾಪಿ ಕಂಟ್ರೋಲ್' ಎಂಬ ಗುರುತು ಇರುತ್ತದೆ. 'ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೊ' ಲಾಂಛನ ಎಲ್ಲೂ ಇಲ್ಲದಿದ್ದರೆ ಸಂಶಯ ಪಡಬಹುದು, ಆದರೆ ಲಾಂಛನವಿಲ್ಲದ ಒಳ್ಳೆಯ ಸಿಡಿಗಳೂ ಇವೆ.

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರಿಗೆ ಇವನ್ನು ಹಾಕಬೇಡಿ. ಹಿಂದೆ ಹಾಕಿದ್ದ ನೆನಪಿದ್ದರೆ ಒಂದು ಸುಲಭ ಪರೀಕ್ಷೆ ಇದೆ: ಡೆಸ್ಕ್‌ಟಾಪಿನಲ್ಲಿ ಯಾವುದಾದರೂ ಖಾಲಿ ಫೈಲ್ ಮಾಡಿ, ಅದರ ಹೆಸರಿನ ಮೊದಲಿಗೆ ಡಾಲರ್ ಚಿಹ್ನೆ, ಎಸ್, ವೈ, ಎಸ್, ಮತ್ತೆ ಡಾಲರ್ ಚಿಹ್ನೆ, ಈ ಐದನ್ನು ಇಂಗ್ಲಿಷಿನಲ್ಲಿ ಬಿಡುವಿಲ್ಲದೆ ಸೇರಿಸಿ. ಫೈಲ್ ಕಣ್ಣೆದುರೇ ಮಾಯವಾದರೆ ರೂಟ್‌ಕಿಟ್ ಇನ್ನೂ ಜೀವಂತವಾಗಿದೆ. ಆಗ ಅದನ್ನು ಕೈಯಿಂದ ಅಳಿಸುವ ಸಾಹಸ ಬೇಡ, ಫೋಟೊ, ಕಡತಗಳನ್ನು ಬೇರೆ ಕಡೆ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕುವುದು ಕ್ಷೇಮ. ಈಗಿನ ವಿಂಡೋಸ್‌ನಲ್ಲಿ ಈ ಭಯವಿಲ್ಲ. ಸಿಡಿ ಹಾಕಿದೊಡನೆ ಪ್ರೋಗ್ರಾಮ್ ತಾನೇ ಓಡುವುದಿಲ್ಲ, ಏನು ಮಾಡಬೇಕೆಂದು ಕೇಳುತ್ತದೆ, ಬೇಡ ಎನ್ನಿ. 32 ಬಿಟ್‌ನ ಆ ಹಳೆಯ ಡ್ರೈವರ್‌ಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಕೂರುವುದೂ ಇಲ್ಲ.

ಹಾಡು ಇಳಿಸಿಕೊಳ್ಳಲು ಲಿನಕ್ಸ್ ಇರುವ ಕಂಪ್ಯೂಟರ್ ಎಲ್ಲಕ್ಕಿಂತ ನಿಶ್ಚಿಂತೆ, ವಿಂಡೋಸ್ ಪ್ರೋಗ್ರಾಮ್ ಅಲ್ಲಿ ಓಡುವುದೇ ಇಲ್ಲ. ಅದರಲ್ಲಿನ 'ಸಿಡಿಪ್ಯಾರನೋಯಾ' ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ವಿಂಡೋಸ್‌ನಲ್ಲಾದರೆ 'ಎಕ್ಸಾಕ್ಟ್ ಆಡಿಯೊ ಕಾಪಿ' ಇದೇ ಕೆಲಸ ಮಾಡುತ್ತದೆ. ಎಕ್ಸ್‌ಸಿಪಿ, ಮೀಡಿಯಾಮ್ಯಾಕ್ಸ್ ಸಿಡಿಗಳಲ್ಲಿ ಹಾಡಿನ ಕಂತು ಸರಿಯಾಗಿಯೇ ಇರುವುದರಿಂದ ಇವು ಸಲೀಸಾಗಿ ಓದುತ್ತವೆ. ಒಂದು ಡ್ರೈವ್ ಪರಿವಿಡಿಯಲ್ಲೇ ಎಡವಿದರೆ ಬೇರೆ ತಯಾರಿಕೆಯ ಡ್ರೈವಿನಲ್ಲಿ ಹಾಕಿ ನೋಡಿ. ಸುಳ್ಳು ಕಂತುಗಳಿಗೆ ಎಲ್ಲ ಡ್ರೈವ್‌ಗಳೂ ಒಂದೇ ರೀತಿ ಮೋಸಹೋಗುವುದಿಲ್ಲ. ಓದಿದ ಫೈಲಿನಲ್ಲಿ ಟಕ್ ಟಕ್ ಸದ್ದು ಬಂದರೆ, ಮತ್ತು ತಟ್ಟೆಯ ಮೇಲೆ ಗೀರಿಲ್ಲದಿದ್ದರೆ, ಆ ತಪ್ಪು ಅಚ್ಚಿನಲ್ಲೇ ಬಂದದ್ದಿರಬಹುದು. ಅದನ್ನು ಉಜ್ಜಿ ತೊಳೆಯುವುದರಿಂದ ಉಪಯೋಗವಿಲ್ಲ, ಉಜ್ಜಿದರೆ ಇದ್ದಬದ್ದ ಸಹನಶಕ್ತಿಯೂ ಹೋಗುತ್ತದೆ. ಆಡಿಯೊ ಪ್ಲೇಯರಿನ ಹೊರಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಎಳೆದು, ಹಾಡುತ್ತಿರುವಾಗಲೇ ರೆಕಾರ್ಡ್ ಮಾಡಿಕೊಳ್ಳಬಹುದು. ಹೊಸದಾಗಿ ಕೊಳ್ಳುವುದಾದರೆ ಆ ಆಲ್ಬಮ್‌ನ ತಡೆ ಇಲ್ಲದ ಅಚ್ಚು ಬೇರೊಂದು ದೇಶದಲ್ಲೋ ಮುಂದಿನ ವರ್ಷಗಳಲ್ಲೋ ಬಂದಿದೆಯೇ ನೋಡಿ. ಹಳೆಯ ಸಿಡಿ ಮಾರುವವರ ಬಳಿ ಕೇಳುವಾಗ ಮುಂಬದಿ, ಹಿಂಬದಿ ಎರಡರ ಫೋಟೊ ಕಳಿಸಲು ಹೇಳಿ, ಪಟ್ಟಿಯೂ ಲಾಂಛನವೂ ಅಲ್ಲೇ ಕಾಣುತ್ತವೆ.